ಬಳ್ಳಾರಿ ಜಿಲ್ಲೆಯಲ್ಲಿ ರಿಯಲ್ ಎಸ್ಟೇಟ್ ಏಜೆಂಟರ ನೋಂದಣಿ

ರಿಯಲ್ ಎಸ್ಟೇಟ್ ಏಜೆಂಟರ ನೋಂದಣಿ ಎಂಬುದು ನಿವೇಶನ, ಅಪಾರ್ಟ್‌ಮೆಂಟ್ ಅಥವಾ ಕಟ್ಟಡಗಳ ಮಾರಾಟದಲ್ಲಿ ಮಧ್ಯವರ್ತಿಯಾಗಿ ನಿಂತು ಪ್ರತಿಫಲ ಪಡೆಯುವ ವ್ಯಕ್ತಿ ಅಥವಾ ಸಂಸ್ಥೆಯು ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ 9ನೇ ಕಲಮಿನ ಪ್ರಕಾರ ಪಡೆಯಬೇಕಾದ ಅನುಮತಿಯಾಗಿದೆ. ಕರ್ನಾಟಕದಲ್ಲಿ ಇದನ್ನು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವು ನೀಡುತ್ತದೆ. ಜನರ ಮಾತಿನಲ್ಲಿ ಇದು 'ಬ್ರೋಕರ್ ಲೈಸೆನ್ಸ್' ಅಥವಾ 'ರೇರಾ ನಂಬರ್' ಎನಿಸಿಕೊಂಡಿದೆ. ಇದಕ್ಕೆ ಪರೀಕ್ಷೆಯನ್ನಾಗಲಿ ಪದವಿಯನ್ನಾಗಲಿ ಕಾಯ್ದೆ ವಿಧಿಸಿಲ್ಲ. ಒಮ್ಮೆ ಪಡೆದ ನೋಂದಣಿ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಆದರೆ ಅದರ ಅಗತ್ಯ ಬೀಳುವುದು ಪ್ರಾಧಿಕಾರದಲ್ಲಿ ನೋಂದಣಿಯಾದ ಯೋಜನೆಗಳ ಮಾರಾಟದಲ್ಲಿ ಮಾತ್ರ. ಬಳ್ಳಾರಿ ನಗರದ ಬಡಾವಣೆಗಳಲ್ಲಿ ಈ ನೋಂದಣಿಗೆ ನೇರ ಮಹತ್ವವಿದೆ. ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ನಡೆಯುವ ಹೊಲ ಗದ್ದೆಗಳ ವ್ಯವಹಾರ ಇದರ ವ್ಯಾಪ್ತಿಯಿಂದ ಹೊರಗುಳಿಯುತ್ತದೆ.

ಪರಿಭಾಷೆ

ಆಸ್ತಿ ವ್ಯವಹಾರದ ಮಧ್ಯವರ್ತಿಯನ್ನು ಬಳ್ಳಾರಿ ಸೀಮೆಯಲ್ಲಿ ದಲ್ಲಾಳಿ, ಬ್ರೋಕರ್, ಏಜೆಂಟ್, ಮಧ್ಯಸ್ಥ ಎಂದು ಬಗೆಬಗೆಯಾಗಿ ಕರೆಯುತ್ತಾರೆ. 'ದಲ್ಲಾಳಿ' ಪದ ಅರಬ್ಬೀ ಮೂಲದ್ದು. ವ್ಯಕ್ತಿಗೂ ಅವನು ಪಡೆಯುವ ಹಣಕ್ಕೂ ಅದೇ ಪದ ಬಳಕೆಯಲ್ಲಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ದಲ್ಲಾಳಿ ಬೇರೆ, ಆಸ್ತಿಯ ದಲ್ಲಾಳಿ ಬೇರೆ. ಹತ್ತಿ, ಭತ್ತ, ಮೆಣಸಿನಕಾಯಿಗಳ ದಲ್ಲಾಳಿ ಅಂಗಡಿ ನಡೆಸುವವರು 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಕಾಲದಿಂದಲೂ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಪಡೆಯಬೇಕಾಗಿದ್ದಿತು. ಚೀಲ ಮೆಣಸಿನಕಾಯಿ ಮಾರಿಸುವವನಿಗೆ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಎಕರೆಗಟ್ಟಲೆ ಭೂಮಿ ಮಾರಿಸುವವನಿಗೆ ಯಾವ ಲೈಸೆನ್ಸೂ ಬೇಕಿರಲಿಲ್ಲ. ಈ ಸ್ಥಿತಿ ಐವತ್ತು ವರ್ಷಗಳ ಕಾಲ ಮುಂದುವರಿಯಿತು.

ಕಾಯ್ದೆಯ ವ್ಯಾಖ್ಯೆ ವಿಶಾಲವಾಗಿದೆ. ಯೋಜನೆಯೊಂದರ ನಿವೇಶನ, ಅಪಾರ್ಟ್‌ಮೆಂಟ್ ಅಥವಾ ಕಟ್ಟಡದ ವರ್ಗಾವಣೆಯಲ್ಲಿ ಒಬ್ಬರ ಪರವಾಗಿ ಮಾತುಕತೆ ನಡೆಸಿ ಕಮಿಷನ್ ಅಥವಾ ಇನ್ನಾವುದೇ ರೂಪದ ಪ್ರತಿಫಲ ಪಡೆಯುವವನು ಏಜೆಂಟ್ ಎನಿಸುತ್ತಾನೆ. ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಸ್ಪರ ಪರಿಚಯಿಸುವವನೂ ಅದರಲ್ಲಿ ಸೇರುತ್ತಾನೆ. ಯಾವ ಹೆಸರಿನಿಂದ ಕರೆಸಿಕೊಂಡರೂ ವ್ಯತ್ಯಾಸವಿಲ್ಲ. ಆದುದರಿಂದ ಕಚೇರಿ ಇಟ್ಟುಕೊಂಡವನಂತೆಯೇ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿವೇಶನದ ಚಿತ್ರ ಹಾಕಿ ಗಿರಾಕಿಯನ್ನು ಒಪ್ಪಿಸಿ ಪಾಲು ಪಡೆಯುವವನೂ ವ್ಯಾಖ್ಯೆಯೊಳಗೆ ಬರುತ್ತಾನೆ. ಸಣ್ಣ ಊರುಗಳಲ್ಲಿ ಜಾಗ ತೋರಿಸುವವನೊಬ್ಬ, ಬೆಲೆಯ ಮಾತು ಮುಗಿಸುವವನು ಮತ್ತೊಬ್ಬ, ಗಿರಾಕಿಯನ್ನು ಕರೆತಂದವನು ಇನ್ನೊಬ್ಬ ಎಂಬಂತೆ ಒಂದೇ ಮಾರಾಟಕ್ಕೆ ಮೂರು ನಾಲ್ಕು ಮಂದಿ ಸೇರುವುದು ಸಾಮಾನ್ಯ. ಪ್ರತಿಫಲ ಪಡೆಯುವ ಅವರೆಲ್ಲರಿಗೂ ಈ ವ್ಯಾಖ್ಯೆ ತಗಲುತ್ತದೆ.

ಹಿನ್ನೆಲೆ

2016ಕ್ಕೆ ಮೊದಲು ಆಸ್ತಿ ದಲ್ಲಾಳಿಯ ಹಕ್ಕು ಬಾಧ್ಯತೆಗಳನ್ನು ಪ್ರತ್ಯೇಕವಾಗಿ ಹೇಳುವ ಕಾನೂನು ಕರ್ನಾಟಕದಲ್ಲಿ ಇರಲಿಲ್ಲ. ವಿವಾದ ಬಂದಾಗ 1872ರ ಭಾರತೀಯ ಒಪ್ಪಂದ ಕಾಯ್ದೆಯ ಏಜೆನ್ಸಿ ಅಧ್ಯಾಯವೇ ಆಧಾರವಾಗುತ್ತಿತ್ತು. ಮಾತು ಬಾಯಿಮಾತಿನಲ್ಲೇ ಮುಗಿಯುತ್ತಿದ್ದುದರಿಂದ ಸಾಕ್ಷ್ಯ ಒದಗಿಸುವುದು ಎರಡೂ ಕಡೆಯವರಿಗೆ ಕಷ್ಟವಾಗಿತ್ತು.

ಬಳ್ಳಾರಿಯಲ್ಲಿ 2000ದ ನಂತರದ ದಶಕದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ವಿಪರೀತವಾಗಿ ಬೆಳೆಯಿತು. ತೋರಣಗಲ್ಲಿನ ಉಕ್ಕು ಕಾರ್ಖಾನೆ ವಿಸ್ತರಿಸಿತು, ನಗರದ ಜೀನ್ಸ್ ಉಡುಪಿನ ಉದ್ಯಮಕ್ಕೂ ಹೆಸರು ಬಂತು. ಹೊಸ ಬಡಾವಣೆಗಳು ನಗರದ ಸುತ್ತಲಿನ ಹೊಲಗಳತ್ತ ಚಾಚಿದವು. ಸುಪ್ರೀಂ ಕೋರ್ಟ್ 2011ರಲ್ಲಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದರ ಬಿಸಿ ಭೂಮಿ ವ್ಯವಹಾರಕ್ಕೂ ತಟ್ಟಿತು. ಹೀಗೆ ಏರಿಳಿತ ಕಂಡ ಮಾರುಕಟ್ಟೆಯಲ್ಲಿ ಮುಂಗಡ ಕೊಟ್ಟು ನೋಂದಣಿಯಾಗದೆ ಉಳಿದ ಕೊಳ್ಳುವವರಿಗೆ ಸಿವಿಲ್ ನ್ಯಾಯಾಲಯ ಅಥವಾ ಪೊಲೀಸ್ ಠಾಣೆ ಬಿಟ್ಟು ಬೇರೆ ದಾರಿ ಇರಲಿಲ್ಲ.

ಸಂಸತ್ತಿನಲ್ಲಿ ಮಸೂದೆಯನ್ನು 2016ರ ಮಾರ್ಚ್ 10ರಂದು ರಾಜ್ಯಸಭೆಯೂ ಮಾರ್ಚ್ 15ರಂದು ಲೋಕಸಭೆಯೂ ಅಂಗೀಕರಿಸಿದವು. ಮಾರ್ಚ್ 25ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೆಲವು ಕಲಮುಗಳು ಅದೇ ವರ್ಷದ ಮೇ 1ರಿಂದಲೂ ಏಜೆಂಟರ ನೋಂದಣಿಯೂ ಸೇರಿದಂತೆ ಉಳಿದವು 2017ರ ಮೇ 1ರಿಂದಲೂ ಜಾರಿಗೆ ಬಂದವು. ಕರ್ನಾಟಕ ಸರ್ಕಾರವು ತನ್ನ ನಿಯಮಗಳನ್ನು 2017ರ ಜುಲೈ 10ರಂದು ಅಧಿಸೂಚಿಸಿತು.

ನೋಂದಣಿ ಬೇಕಾದ ಮತ್ತು ಬೇಡವಾದ ವ್ಯವಹಾರಗಳು

ಏಜೆಂಟನಿಗೆ ನೋಂದಣಿ ಬೇಕೇ ಎಂಬ ಪ್ರಶ್ನೆಗೆ ಉತ್ತರ ಆತನು ಮಾರಿಸುತ್ತಿರುವ ಆಸ್ತಿಯ ಸ್ವರೂಪದಲ್ಲಿದೆ. ಬಡಾವಣೆ ಅಥವಾ ವಸತಿ ಸಮುಚ್ಚಯವನ್ನು ನಿರ್ಮಿಸಿ ಮಾರುವವನನ್ನು ಕಾಯ್ದೆ 'ಪ್ರವರ್ತಕ' ಎನ್ನುತ್ತದೆ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಭೂಮಿಯಲ್ಲಿ ಕೈಗೊಳ್ಳುವ ಬಡಾವಣೆಯನ್ನು ಪ್ರವರ್ತಕನು ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ವಸತಿ ಸಮುಚ್ಚಯಗಳಲ್ಲಿ ಎಂಟು ಅಪಾರ್ಟ್‌ಮೆಂಟುಗಳ ಮಿತಿಯೂ ಇದೆ. ನೋಂದಣಿಗೆ ಮೊದಲು ಜಾಹೀರಾತು ನೀಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ. ಹೀಗೆ ನೋಂದಣಿಯಾದ ಯೋಜನೆಯಲ್ಲಿ ಪ್ರವರ್ತಕನು ಮಾರುವ ನಿವೇಶನ ಅಥವಾ ಮನೆಯನ್ನು ಮಾರಿಸಿಕೊಡಬೇಕಾದರೆ ಏಜೆಂಟನೂ ನೋಂದಾಯಿತನಾಗಿರಬೇಕು. ಪ್ರವರ್ತಕ ಖಾಸಗಿ ವ್ಯಕ್ತಿಯೇ ಆಗಬೇಕೆಂದಿಲ್ಲ. ಸಾರ್ವಜನಿಕರಿಗೆ ನಿವೇಶನ ಮಾರುವ ನಗರಾಭಿವೃದ್ಧಿ ಪ್ರಾಧಿಕಾರಗಳೂ ವ್ಯಾಖ್ಯೆಯಲ್ಲಿ ಸೇರಿವೆ.

500 ಚದರ ಮೀಟರ್ ಎಂಬುದು ಬಳ್ಳಾರಿಯ ಲೆಕ್ಕದಲ್ಲಿ ಎಷ್ಟು ಎಂಬುದನ್ನು ಗಮನಿಸಬೇಕು. ಮದ್ರಾಸ್ ಪ್ರೆಸಿಡೆನ್ಸಿಯ ಭಾಗವಾಗಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಈ ಪ್ರದೇಶದಲ್ಲಿ ಭೂಮಿಯನ್ನು ಎಕರೆ ಮತ್ತು ಸೆಂಟುಗಳಲ್ಲಿ ಅಳೆಯುವ ರೂಢಿ ಉಳಿದುಬಂದಿದೆ. ಹಳೆಯ ಮೈಸೂರು ಭಾಗದ ಗುಂಟೆ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಎಕರೆಗೆ ನೂರು ಸೆಂಟ್, ಆದರೆ ನಲವತ್ತು ಗುಂಟೆ. ಒಂದು ಸೆಂಟ್ 435.6 ಚದರ ಅಡಿ, ಒಂದು ಗುಂಟೆ 1,089 ಚದರ ಅಡಿ. 500 ಚದರ ಮೀಟರ್ ಎಂದರೆ ಸುಮಾರು 12.36 ಸೆಂಟ್. ರಸ್ತೆಗೆ ಒಂದಡಿಯನ್ನೂ ಬಿಡದಿದ್ದರೂ ಅದರಲ್ಲಿ 30×40 ಅಳತೆಯ ನಾಲ್ಕು ನಿವೇಶನಗಳಷ್ಟೇ ಹಿಡಿಯುತ್ತವೆ. ಅರ್ಧ ಎಕರೆಯ ಬಡಾವಣೆ ಮಿತಿಯ ನಾಲ್ಕು ಪಟ್ಟಾಗುತ್ತದೆ. 'ಇದು ಚಿಕ್ಕ ಲೇಔಟ್, ರೇರಾ ಬೇಡ' ಎಂಬ ಮಾತು ಯೋಜನಾ ಪ್ರದೇಶದೊಳಗೆ ಸತ್ಯವಾಗುವುದು ಅಪರೂಪ.

ಇದಕ್ಕೆ ಪ್ರತಿಯಾಗಿ ಕೆಲವು ವ್ಯವಹಾರಗಳು ಹೊರಗುಳಿಯುತ್ತವೆ. ಕೃಷಿ ಭೂಮಿಯ ಕ್ರಯ, ಒಬ್ಬ ಮಾಲೀಕನು ತನ್ನ ಹಳೆಯ ಮನೆಯನ್ನು ಇನ್ನೊಬ್ಬನಿಗೆ ಮಾರುವುದು, ಬಾಡಿಗೆ ಮತ್ತು ಭೋಗ್ಯದ ವ್ಯವಹಾರಗಳಿಗೆ 9ನೇ ಕಲಮಿನ ನೋಂದಣಿ ಕಡ್ಡಾಯವಲ್ಲ. ಯೋಜನಾ ಪ್ರದೇಶದ ಹೊರಗಿನ ಹಳ್ಳಿಯ ಬಡಾವಣೆಗಳಿಗೂ ನೋಂದಣಿ ತಾನಾಗಿ ಅನ್ವಯಿಸುವುದಿಲ್ಲ. ಕೊಳ್ಳುವವರ ಹಿತದೃಷ್ಟಿಯಿಂದ ಅಗತ್ಯವೆಂದು ಕಂಡರೆ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆದ ಅಂತಹ ಯೋಜನೆಯನ್ನು ನೋಂದಾಯಿಸುವಂತೆ ಪ್ರಾಧಿಕಾರವು ಆದೇಶಿಸಬಹುದು.

ಇಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶವಿದೆ. ನೋಂದಣಿಯಾಗಬೇಕಿದ್ದರೂ ಆಗದಿರುವ ಯೋಜನೆ, ನೋಂದಣಿಯ ಅಗತ್ಯವೇ ಇಲ್ಲದ ಆಸ್ತಿ, ಇವೆರಡೂ ಒಂದೇ ಅಲ್ಲ. ಮೊದಲನೆಯದನ್ನು ಮಾರಿಸುವುದನ್ನು 10ನೇ ಕಲಂ ನೇರವಾಗಿ ನಿಷೇಧಿಸುತ್ತದೆ. ಎರಡನೆಯದನ್ನು ಮಾರಿಸುವುದು ಅಪರಾಧವಲ್ಲ, ಆದರೆ ಅಲ್ಲಿ ಪ್ರಾಧಿಕಾರದ ರಕ್ಷಣೆಯೂ ಇಲ್ಲ.

ನೋಂದಣಿಯ ಕ್ರಮ

ಅರ್ಜಿಯನ್ನು ಪ್ರಾಧಿಕಾರದ ಜಾಲತಾಣದ ಮೂಲಕ ಸಲ್ಲಿಸಬೇಕು. ಪ್ರಾಧಿಕಾರದ ಕಚೇರಿ ಬೆಂಗಳೂರಿನ ಮಿಷನ್ ರಸ್ತೆಯ ಬಳಿ ಇದೆ. ಅರ್ಜಿ ಸಲ್ಲಿಕೆ ಆನ್‌ಲೈನ್ ಆಗಿರುವುದರಿಂದ ಸಿರುಗುಪ್ಪದ ಅರ್ಜಿದಾರನೂ ಬೆಂಗಳೂರಿನ ಅರ್ಜಿದಾರನೂ ಒಂದೇ ಮಾರ್ಗದಲ್ಲಿ ಸಾಗುತ್ತಾರೆ. ನಿಯಮಗಳಲ್ಲಿ ಅರ್ಜಿಗೆ 'ಜಿ' ನಮೂನೆಯನ್ನೂ ಪ್ರಮಾಣಪತ್ರಕ್ಕೆ 'ಹೆಚ್' ನಮೂನೆಯನ್ನೂ ನಿಗದಿಪಡಿಸಲಾಗಿದೆ.

ಅರ್ಜಿದಾರನು ಒಬ್ಬನೇ ವ್ಯವಹರಿಸುವ ವ್ಯಕ್ತಿಯೇ, ಪಾಲುದಾರಿಕೆ ಸಂಸ್ಥೆಯೇ, ಕಂಪನಿಯೇ ಎಂಬುದನ್ನು ಮೊದಲು ತಿಳಿಸಬೇಕು. ಸಂಸ್ಥೆಯಾದರೆ ಅದರ ನೋಂದಣಿ ಪತ್ರಗಳು, ಪಾಲುದಾರರ ಅಥವಾ ನಿರ್ದೇಶಕರ ಹೆಸರು, ವಿಳಾಸ ಮತ್ತು ಭಾವಚಿತ್ರಗಳು ಬೇಕು. ವ್ಯಕ್ತಿಯಾದರೆ ಆತನ ಭಾವಚಿತ್ರ ಮತ್ತು ಸಂಪರ್ಕ ವಿವರ ಸಾಕು. ಪ್ಯಾನ್ ಕಾರ್ಡಿನ ಪ್ರತಿ, ವ್ಯವಹಾರ ಸ್ಥಳದ ವಿಳಾಸದ ಪುರಾವೆ ಮತ್ತು ಆದಾಯ ತೆರಿಗೆ ವಿವರಪಟ್ಟಿಗಳು ಎಲ್ಲರಿಗೂ ಅನ್ವಯಿಸುವ ದಾಖಲೆಗಳು. ಸ್ವಂತ ಮನೆಯ ಹಜಾರವನ್ನೇ ಕಚೇರಿಯಾಗಿ ಬಳಸುವವರು ಆ ವಿಳಾಸವನ್ನೇ ವ್ಯವಹಾರ ಸ್ಥಳವೆಂದು ತೋರಿಸುತ್ತಾರೆ. ಬಾಡಿಗೆ ಮಳಿಗೆಯಾದರೆ ಕರಾರು ಪತ್ರದ ಪ್ರತಿ ಬೇಕಾಗುತ್ತದೆ.

ನೋಂದಣಿ ಶುಲ್ಕ ವ್ಯಕ್ತಿಗಳಿಗೆ 25,000 ರೂಪಾಯಿ, ಇತರ ಸಂಸ್ಥೆಗಳಿಗೆ 2,00,000 ರೂಪಾಯಿ. ತಾಲ್ಲೂಕು ಕೇಂದ್ರದ ಏಜೆಂಟನಿಗೆ ಇದು ಸಣ್ಣ ಮೊತ್ತವಲ್ಲ. ಕಮಿಷನ್ನಿನ ದರವನ್ನು ಕಾಯ್ದೆ ನಿಗದಿಪಡಿಸಿಲ್ಲ. ರೂಢಿಯಲ್ಲಿ ಮಾರಾಟ ಬೆಲೆಯ ಶೇ. 1ರಿಂದ 2ರಷ್ಟನ್ನು ಪಡೆಯಲಾಗುತ್ತದೆ. ಉದಾಹರಣೆಗೆ 12 ಲಕ್ಷ ರೂಪಾಯಿಯ ನಿವೇಶನವೊಂದನ್ನು ಮಾರಿಸಿ ಶೇ. 2ರಷ್ಟು ಪಡೆದರೂ ಬರುವುದು 24,000 ರೂಪಾಯಿ. ಎಂದರೆ ಮೊದಲ ವ್ಯವಹಾರದ ಪೂರ್ಣ ಗಳಿಕೆಯೂ ಶುಲ್ಕಕ್ಕೆ ಸಾಲದು. ವರ್ಷಕ್ಕೆ ಒಂದೆರಡು ವ್ಯವಹಾರ ಮಾಡುವವರು ನೋಂದಣಿಯಿಂದ ದೂರ ಉಳಿಯಲು ಇದು ಸಹಜವಾದ ಕಾರಣ. ಆದರೆ ಕಾನೂನು ವ್ಯವಹಾರದ ಸಂಖ್ಯೆಯನ್ನು ನೋಡಿ ವಿನಾಯಿತಿ ಕೊಡುವುದಿಲ್ಲ.

ಅರ್ಜಿಯ ಮೇಲೆ ಪ್ರಾಧಿಕಾರವು ಮೂವತ್ತು ದಿನಗಳೊಳಗೆ ತೀರ್ಮಾನಿಸಬೇಕು. ತಿರಸ್ಕರಿಸುವುದಾದರೆ ಅರ್ಜಿದಾರನ ಅಹವಾಲು ಕೇಳಿ, ಕಾರಣಗಳನ್ನು ಬರೆದು ತಿಳಿಸಬೇಕು. ಅವಧಿ ಮುಗಿದರೂ ನ್ಯೂನತೆಯ ಬಗ್ಗೆಯಾಗಲಿ ತಿರಸ್ಕಾರದ ಬಗ್ಗೆಯಾಗಲಿ ಯಾವ ತಿಳಿವಳಿಕೆಯೂ ಬಾರದಿದ್ದರೆ ನೋಂದಣಿ ದೊರೆತಂತೆಯೇ ಎಂದು ಕಾಯ್ದೆ ಭಾವಿಸುತ್ತದೆ. ನೋಂದಣಿಯ ಅವಧಿ ಐದು ವರ್ಷ. ಅದು ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು.

ಕರ್ನಾಟಕದ ನೋಂದಣಿ ಸಂಖ್ಯೆಗಳು 'ಪಿಆರ್‌ಎಂ/ಕೆಎ/ರೇರಾ' ಎಂದು ಆರಂಭವಾಗುತ್ತವೆ. ಯೋಜನೆಯ ಸಂಖ್ಯೆಯ ನಡುವೆ 'ಪಿಆರ್' ಎಂಬ ಅಕ್ಷರಗಳೂ ಏಜೆಂಟನ ಸಂಖ್ಯೆಯ ನಡುವೆ 'ಎಜಿ' ಎಂಬ ಅಕ್ಷರಗಳೂ ಇರುತ್ತವೆ. ಜಾಹೀರಾತಿನಲ್ಲಿ ಏಜೆಂಟನ ಸಂಖ್ಯೆಯನ್ನಷ್ಟೇ ಅಚ್ಚು ಹಾಕಿ 'ರೇರಾ ಅನುಮೋದಿತ' ಎಂದು ಬರೆದಿದ್ದರೆ ಬಡಾವಣೆಗೆ ಅನುಮೋದನೆ ಇದೆಯೆಂದು ಅರ್ಥವಲ್ಲ. ಎರಡು ಸಂಖ್ಯೆಗಳೂ ಬೇರೆ ಬೇರೆ. ಎರಡನ್ನೂ ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಯೋಜನೆಯ ಪುಟದಲ್ಲಿ ನಕ್ಷೆ, ಅನುಮತಿ ಪತ್ರಗಳು ಮತ್ತು ಪೂರ್ಣಗೊಳಿಸುವ ದಿನಾಂಕ ದೊರೆಯುತ್ತವೆ. ಪ್ರವರ್ತಕನು ತನ್ನ ಯೋಜನೆಗೆ ನೇಮಿಸಿಕೊಂಡ ಏಜೆಂಟರ ಹೆಸರು ವಿಳಾಸಗಳನ್ನೂ ಅರ್ಜಿಯಲ್ಲಿ ತಿಳಿಸಬೇಕೆಂದು 4ನೇ ಕಲಂ ಹೇಳುತ್ತದೆ.

ಕರ್ತವ್ಯಗಳು ಮತ್ತು ನಿರ್ಬಂಧಗಳು

ನೋಂದಾಯಿತ ಏಜೆಂಟನು ಪ್ರಮಾಣಪತ್ರವನ್ನು ತನ್ನ ಕಚೇರಿಯಲ್ಲಿ ಎದ್ದು ಕಾಣುವಂತೆ ತೂಗುಹಾಕಬೇಕು. ತಾನು ಮಾಡಿಸುವ ಪ್ರತಿಯೊಂದು ಮಾರಾಟದಲ್ಲೂ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಲೆಕ್ಕಪುಸ್ತಕ ಮತ್ತು ದಾಖಲೆಗಳನ್ನು ಇಟ್ಟು ಕಾಪಾಡಬೇಕು. ಬುಕಿಂಗ್ ಸಮಯದಲ್ಲಿ ಕೊಳ್ಳುವವನು ಪಡೆಯಲು ಹಕ್ಕುಳ್ಳ ಎಲ್ಲ ಮಾಹಿತಿ ಮತ್ತು ದಾಖಲೆಗಳು ಆತನ ಕೈಸೇರುವಂತೆ ನೋಡಿಕೊಳ್ಳುವುದು ಏಜೆಂಟನ ಹೊಣೆ. 'ಅದೆಲ್ಲ ಓನರನ್ನು ಕೇಳಿ' ಎಂದು ಜಾರಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲ.

ಇಲ್ಲದ ಅನುಮೋದನೆ ಇದೆಯೆಂದು ಹೇಳುವುದು, ಒದಗಿಸುವ ಉದ್ದೇಶವಿಲ್ಲದ ಸೌಲಭ್ಯವನ್ನು ಜಾಹೀರಾತಿನಲ್ಲಿ ತೋರಿಸುವುದು, ಸೇವೆಯ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿಕೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿಗಳೆನಿಸುತ್ತವೆ. ಹಣದ ವಿಷಯದಲ್ಲೂ ಏಜೆಂಟನು ತಿಳಿದಿರಬೇಕಾದ ಎರಡು ಮಿತಿಗಳಿವೆ. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಪ್ರವರ್ತಕನು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು

2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದ ಬಳಿಕ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು ಉಳಿದಿವೆ. ಮಹಾನಗರ ಪಾಲಿಕೆ ಇರುವ ಬಳ್ಳಾರಿ ನಗರದಲ್ಲಿ ಬಡಾವಣೆಗಳ ಅನುಮೋದನೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಜನ ಅದನ್ನು 'ಬುಡಾ' ಎನ್ನುತ್ತಾರೆ. ಬುಡಾ ಅನುಮೋದನೆಗೂ ರೇರಾ ನೋಂದಣಿಗೂ ವ್ಯತ್ಯಾಸವಿದೆ. ಮೊದಲನೆಯದು ನಕ್ಷೆಗೆ ಸಂಬಂಧಿಸಿದ್ದು. ಎರಡನೆಯದು ಆ ನಕ್ಷೆಯ ನಿವೇಶನಗಳನ್ನು ಸಾರ್ವಜನಿಕರಿಗೆ ಮಾರಲು ಬೇಕಾದದ್ದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದೆಯೆಂದು ಭಾವಿಸುವಂತಿಲ್ಲ.

ಸಿರುಗುಪ್ಪ ತಾಲ್ಲೂಕು ತುಂಗಭದ್ರಾ ದಂಡೆಯಲ್ಲಿದೆ. ನದಿ ಮತ್ತು ಕಾಲುವೆ ನೀರಿನಿಂದ ಭತ್ತದ ಬೆಳೆ ಇಲ್ಲಿ ಪ್ರಧಾನ. ಅಕ್ಕಿ ಗಿರಣಿಗಳು ಪಟ್ಟಣದ ವ್ಯಾಪಾರದ ಬೆನ್ನೆಲುಬು. ಕುರುಗೋಡು ಬಳ್ಳಾರಿ ತಾಲ್ಲೂಕಿನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಊರು. ದೊಡ್ಡಬಸವೇಶ್ವರ ದೇವಾಲಯದಿಂದ ಹೆಸರಾದ ಈ ಊರಿನ ಸುತ್ತಲೂ ಕೃಷಿಯೇ ಮುಖ್ಯ. ಇಂತಹ ಊರುಗಳಲ್ಲಿ ಏಜೆಂಟರ ಕೈಗೆ ಬರುವ ವ್ಯವಹಾರಗಳಲ್ಲಿ ಗದ್ದೆ ಮತ್ತು ಹೊಲಗಳ ಪಾಲು ದೊಡ್ಡದು. ಆ ವ್ಯವಹಾರಗಳಿಗೆ ನೋಂದಣಿ ಸಂಖ್ಯೆ ಬೇಡ. ಹಾಗಾಗಿ ದಲ್ಲಾಳಿಯ ಅನುಭವ, ಊರಿನಲ್ಲಿ ಆತನಿಗಿರುವ ಹೆಸರು, ಕೊಳ್ಳುವವನು ಸ್ವತಃ ನೋಡುವ ಕಾಗದಪತ್ರ, ಇವೇ ಭರವಸೆಯಾಗಿ ಉಳಿಯುತ್ತವೆ.

ಕೃಷಿ ಭೂಮಿಯ ಮಾರುಕಟ್ಟೆ 2020ರ ನಂತರ ಬದಲಾಗಿದೆ. ಕರ್ನಾಟಕ ಭೂಸುಧಾರಣೆ ಕಾಯ್ದೆ, 1961ರ 79ಎ ಮತ್ತು 79ಬಿ ಕಲಮುಗಳನ್ನು ಆ ವರ್ಷದ ತಿದ್ದುಪಡಿ ತೆಗೆದುಹಾಕಿತು. ಅದುವರೆಗೆ ಕೃಷಿಕರಲ್ಲದವರಿಗೆ ಹಾಗೂ ಕೃಷಿಯೇತರ ಆದಾಯ ನಿಗದಿತ ಮಿತಿ ದಾಟಿದವರಿಗೆ ಕೃಷಿ ಭೂಮಿ ಕೊಳ್ಳಲು ತಡೆಯಿತ್ತು. ತಡೆ ತೆರವಾದ ಮೇಲೆ ನಗರದಲ್ಲಿದ್ದು ಹಣ ಹೂಡುವವರೂ ಕೊಳ್ಳುವವರ ಸಾಲಿಗೆ ಸೇರಿದರು. ಊರಿನ ಜಮೀನಿನ ಪೂರ್ವಾಪರ ತಿಳಿಯದ ಇವರು ಹೆಚ್ಚಾಗಿ ಅವಲಂಬಿಸುವುದು ಏಜೆಂಟನನ್ನೇ.

ಹೆಚ್ಚಿನ ಅಪಾಯ ಇರುವುದು ಹೊಲ ಮತ್ತು ಬಡಾವಣೆಗಳ ನಡುವಿನ ಸ್ಥಿತಿಯಲ್ಲಿ. ರಸ್ತೆ ಬದಿಯ ಹೊಲಕ್ಕೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಸೆಂಟ್ ಲೆಕ್ಕದಲ್ಲಿ ತುಂಡು ಮಾಡಿ ಮಾರುವುದನ್ನು ಜನ 'ರೆವಿನ್ಯೂ ಸೈಟು' ಎನ್ನುತ್ತಾರೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಭೂಪರಿವರ್ತನೆ ಆಗದೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ವಿನ್ಯಾಸ ಮಂಜೂರಾಗದೆ ಮಾರಾಟವಾಗುವ ಇಂತಹ ತುಂಡಿಗೆ ಕಟ್ಟಡದ ಪರವಾನಗಿ ಮತ್ತು ಬ್ಯಾಂಕ್ ಸಾಲ ಸಿಗುವುದು ಕಷ್ಟ. 'ಎನ್.ಎ. ಆಗುತ್ತದೆ, ಅರ್ಜಿ ಹಾಕಿದ್ದೇವೆ' ಎಂಬ ಭರವಸೆಯ ಮೇಲೆ ಮುಂಗಡ ಕೊಟ್ಟವರು ಪರಿವರ್ತನೆ ನಿರಾಕರಣೆಯಾದಾಗ ಕೈಸುಟ್ಟುಕೊಳ್ಳುತ್ತಾರೆ. ಯೋಜನಾ ಪ್ರದೇಶದೊಳಗೆ ಇದು ನೋಂದಣಿ ಇಲ್ಲದ ಯೋಜನೆಯಾಗುವುದರಿಂದ ಮಾರಿಸಿದ ಏಜೆಂಟನೂ 10ನೇ ಕಲಮಿನ ಉಲ್ಲಂಘನೆಗೆ ಗುರಿಯಾಗುತ್ತಾನೆ.

ಮಂಜೂರಾದ ಜಮೀನಿನ ಪ್ರಶ್ನೆ ಇನ್ನೂ ಗಂಭೀರವಾದುದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಅಂತಹ ಕ್ರಯ ಅಸಿಂಧುವಾಗುತ್ತದೆ. ಉಪವಿಭಾಗಾಧಿಕಾರಿಯು ಭೂಮಿಯನ್ನು ವಶಕ್ಕೆ ಪಡೆದು ಮೂಲ ಮಂಜೂರಿದಾರನಿಗೆ ಅಥವಾ ಆತನ ವಾರಸುದಾರರಿಗೆ ಮರಳಿಸಬಹುದು. 2023ರ ತಿದ್ದುಪಡಿಯು ಮರುಸ್ಥಾಪನೆಯ ಅರ್ಜಿಗೆ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಿತು. ಹತ್ತಾರು ವರ್ಷಗಳ ಹಿಂದೆ ಕೈ ಬದಲಾದ ಜಮೀನಿಗೂ ಇದು ಅನ್ವಯವಾಗುವುದರಿಂದ, ಮೂಲ ಮಂಜೂರಾತಿ ಆದೇಶವನ್ನು ನೋಡದೆ ವ್ಯವಹಾರ ಮುಗಿಸಿದ ಏಜೆಂಟನು ಎರಡು ಕುಟುಂಬಗಳನ್ನು ಒಟ್ಟಿಗೆ ನ್ಯಾಯಾಲಯಕ್ಕೆ ಎಳೆದಂತಾಗುತ್ತದೆ.

ಈ ಭಾಗದ ಏಜೆಂಟನು ಓದಲು ಬಲ್ಲವನಾಗಿರಬೇಕಾದ ಕಾಗದಗಳಲ್ಲಿ ಪಹಣಿ ಮೊದಲನೆಯದು. 2000ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯ ಮೂಲಕ ಗಣಕೀಕೃತ ಪಹಣಿ ಸುಲಭವಾಗಿ ಸಿಗುತ್ತದೆ. ಅದರ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರೂ 11ನೇ ಕಾಲಂನಲ್ಲಿ ಸಾಲ ಮುಂತಾದ ಋಣಗಳೂ ಇತರರ ಹಕ್ಕುಗಳೂ ದಾಖಲಾಗಿರುತ್ತವೆ. 9ನೇ ಕಾಲಂ ನೋಡಿ 11ನ್ನು ಬಿಡುವುದು ಹೊಸಬರ ಸಾಮಾನ್ಯ ತಪ್ಪು. ಬಳಿಕ ಮ್ಯುಟೇಶನ್ ಪ್ರತಿಗಳು, ಋಣಭಾರ ಪ್ರಮಾಣಪತ್ರ, ವಂಶವೃಕ್ಷ ಮತ್ತು ಸರ್ವೆ ನಕ್ಷೆಗಳನ್ನು ತಾಳೆ ನೋಡಬೇಕು. ಪಟ್ಟಣದ ಆಸ್ತಿಗೆ ಸ್ಥಳೀಯ ಸಂಸ್ಥೆಯ ಇ-ಖಾತಾ, ಗ್ರಾಮ ಪಂಚಾಯಿತಿ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಕುರುಗೋಡಿನ ಹಳೆಯ ಪತ್ರಗಳಲ್ಲಿ 'ಬಳ್ಳಾರಿ ತಾಲ್ಲೂಕು' ಎಂದೇ ಇರುವುದರಿಂದ ಹೊಸ ದಾಖಲೆಯೊಂದಿಗೆ ಹೋಲಿಸುವಾಗ ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ಆಧಾರವಾಗಿ ಹಿಡಿಯಬೇಕಾಗುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪು ನೀಡಿದೆ.

ಗಡಿಯ ಸಮಸ್ಯೆಯೂ ಈ ಪ್ರದೇಶಕ್ಕೆ ವಿಶಿಷ್ಟವಾದುದು. ಸಿರುಗುಪ್ಪದಿಂದ ಆಂಧ್ರಪ್ರದೇಶದ ಆದೋನಿ ದೂರವಿಲ್ಲ. ಬಳ್ಳಾರಿಯಿಂದ ಗುಂತಕಲ್ಲೂ ಹತ್ತಿರ. ಕನ್ನಡ ತೆಲುಗು ಎರಡರಲ್ಲೂ ವ್ಯವಹರಿಸುವ ದಲ್ಲಾಳಿಗಳಿಗೆ ಎರಡೂ ಕಡೆ ಗಿರಾಕಿಗಳಿರುತ್ತಾರೆ. ಆದರೆ ನೋಂದಣಿ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಹೊಳೆ ದಾಟಿ ರಾಯಚೂರು ಜಿಲ್ಲೆಯ ಸಿಂಧನೂರಿನ ನೋಂದಾಯಿತ ಬಡಾವಣೆಯನ್ನು ಮಾರಿಸಲು ಕರ್ನಾಟಕದ ಸಂಖ್ಯೆಯೇ ಸಾಕು. ಆದೋನಿಯ ನೋಂದಾಯಿತ ಬಡಾವಣೆಯನ್ನು ಮಾರಿಸಲು ಆಂಧ್ರಪ್ರದೇಶದ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಏಜೆಂಟ್ ಎಲ್ಲಿ ವಾಸಿಸುತ್ತಾನೆ ಎಂಬುದಲ್ಲ, ಯೋಜನೆ ಯಾವ ರಾಜ್ಯದಲ್ಲಿದೆ ಎಂಬುದು ಇಲ್ಲಿ ಮುಖ್ಯ.

ತೆರಿಗೆ ಮತ್ತು ಲೆಕ್ಕ

ಕಮಿಷನ್ ಆದಾಯ ತೆರಿಗೆಗೆ ಒಳಪಡುವ ವೃತ್ತಿ ಗಳಿಕೆ. ಪ್ರವರ್ತಕ ಕಂಪನಿಗಳು ಏಜೆಂಟನಿಗೆ ಪಾವತಿ ಮಾಡುವಾಗ ಮೂಲದಲ್ಲೇ ಕಡಿತ ಮಾಡುವ ತೆರಿಗೆಯ ದರ 2024ರ ಅಕ್ಟೋಬರ್ 1ರಿಂದ ಶೇ. 5ರ ಬದಲು ಶೇ. 2 ಆಯಿತು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಲ್ಲಾಳಿ ಸೇವೆಯ ಮೇಲಿನ ಜಿಎಸ್‌ಟಿ ದರ ಶೇ. 18. 2020ರ ಡಿಸೆಂಬರ್‌ನ ಕೇಂದ್ರ ಅಧಿಸೂಚನೆಯಂತೆ ವಾರ್ಷಿಕ ವಹಿವಾಟು 20 ಲಕ್ಷ ಅಥವಾ ಅದಕ್ಕೂ ಹೆಚ್ಚು ಇರುವ ಏಜೆಂಟರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಬರುತ್ತಾರೆ. ಅವರು ಗಿರಾಕಿಗಳ ಗುರುತಿನ ದಾಖಲೆಗಳನ್ನು ಪರಿಶೀಲಿಸಿ ಕಾಪಾಡಬೇಕು.

ದಂಡ ಮತ್ತು ದೂರು

ನೋಂದಣಿ ಇಲ್ಲದೆ ಕೆಲಸ ಮಾಡಿದ ಅಥವಾ ನೋಂದಣಿ ಇಲ್ಲದ ಯೋಜನೆಯನ್ನು ಮಾರಿಸಿದ ಏಜೆಂಟನಿಗೆ 62ನೇ ಕಲಮಿನಂತೆ ಉಲ್ಲಂಘನೆ ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿ ದಂಡವಿದೆ. ಮಾರಿಸಿದ ಆಸ್ತಿಯ ಬೆಲೆಯ ಶೇ. 5 ಇದರ ಗರಿಷ್ಠ ಮಿತಿ. ಮೇಲಿನ ಉದಾಹರಣೆಯ 12 ಲಕ್ಷದ ನಿವೇಶನಕ್ಕೆ ಆ ಮಿತಿ 60,000 ರೂಪಾಯಿ. ಅದು ಆರು ದಿನಗಳಲ್ಲೇ ಭರ್ತಿಯಾಗುತ್ತದೆ. ಪ್ರಾಧಿಕಾರದ ಆದೇಶಗಳನ್ನು ಪಾಲಿಸದಿದ್ದರೆ 65ನೇ ಕಲಮಿನಡಿ ಪ್ರತ್ಯೇಕ ದಂಡವಿದೆ. ಮೇಲ್ಮನವಿ ನ್ಯಾಯಮಂಡಳಿಯ ಆದೇಶವನ್ನು ಉಲ್ಲಂಘಿಸಿದವರಿಗೆ 66ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಸುಳ್ಳು ಮಾಹಿತಿ ಅಥವಾ ವಂಚನೆಯಿಂದ ಪಡೆದ ನೋಂದಣಿಯನ್ನೂ ಷರತ್ತು ಮುರಿದವರ ನೋಂದಣಿಯನ್ನೂ ಅಹವಾಲು ಕೇಳಿದ ಬಳಿಕ ಪ್ರಾಧಿಕಾರವು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು.

ನೊಂದ ಖರೀದಿದಾರನು ಪ್ರವರ್ತಕನ ವಿರುದ್ಧ ಮಾತ್ರವಲ್ಲದೆ ಏಜೆಂಟನ ವಿರುದ್ಧವೂ 31ನೇ ಕಲಮಿನಂತೆ ದೂರು ಕೊಡಬಹುದು. ಪ್ರಾಧಿಕಾರದ ಆದೇಶದ ವಿರುದ್ಧ ಅರವತ್ತು ದಿನಗಳೊಳಗೆ ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಅವಕಾಶವಿದೆ. ಗದ್ದೆ ಅಥವಾ ಹಳೆಯ ಮನೆಯ ವ್ಯವಹಾರದಲ್ಲಿ ಮೋಸ ಹೋದವರಿಗೆ ಈ ದಾರಿ ತೆರೆದಿಲ್ಲ. ಅವರು ಸೇವಾನ್ಯೂನತೆಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವನ್ನೂ ಹಣ ವಸೂಲಿಗಾಗಿ ಸಿವಿಲ್ ನ್ಯಾಯಾಲಯವನ್ನೂ ಆಶ್ರಯಿಸಬೇಕಾಗುತ್ತದೆ. ವಂಚನೆ ಇದ್ದಲ್ಲಿ ಪೊಲೀಸರಿಗೆ ದೂರು ಕೊಡಬಹುದು. ಅಲ್ಲಿಯೂ ಕೊಟ್ಟ ಹಣಕ್ಕೆ ರಸೀದಿ ಮತ್ತು ಬರೆದ ಕರಾರು ಇದ್ದರೆ ಮಾತ್ರ ಪ್ರಕರಣಕ್ಕೆ ಬಲ ಬರುತ್ತದೆ.

ಇತರೆಡೆಯ ಪದ್ಧತಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿ ರಾಜ್ಯವೂ ತನ್ನದೇ ಲೈಸೆನ್ಸ್ ನೀಡುತ್ತದೆ. ಅಲ್ಲಿ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದವನು ಸಾಮಾನ್ಯವಾಗಿ ಮೊದಲು ಮಾರಾಟಗಾರನಾಗಿ ಬ್ರೋಕರೊಬ್ಬನ ಕೈಕೆಳಗೆ ದುಡಿದು, ಅನುಭವ ಗಳಿಸಿದ ಬಳಿಕ ಬ್ರೋಕರ್ ಲೈಸೆನ್ಸ್‌ಗೆ ಅರ್ಹನಾಗುತ್ತಾನೆ. ಕರ್ನಾಟಕದಲ್ಲಿ ಈ ಎರಡು ಹಂತಗಳಿಲ್ಲ. ನೋಂದಾಯಿತನಾದ ಮೊದಲ ದಿನವೇ ಏಜೆಂಟನು ಸ್ವತಂತ್ರವಾಗಿ ವ್ಯವಹರಿಸಬಹುದು. ಭಾರತದೊಳಗೆ ಮಹಾರಾಷ್ಟ್ರದ ಪ್ರಾಧಿಕಾರವು 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು.